ಮಾಮಿರ್ ಬರೆಯದೆ ಬಿಟ್ಟ ನೀರು

ಸುಳ್ಳು ಹೇಳುವುದಕ್ಕೂ ಒಂದಿಷ್ಟು ಮುಂದಾಲೋಚನೆ ಬೇಕು. ಮಾಮಿರ್‌ಗೆ ಅದಿರಲಿಲ್ಲ. ತೆರೆಕ್-ಜಾರ್ ಊರಿನ ಹಾಲಿನ ವ್ಯಾನನ್ನು ಮೂವತ್ತೊಂದು ವರ್ಷ ಓಡಿಸಿ ನಿವೃತ್ತನಾದ ಮೇಲೆ, ಮನೆ ಮುಂದಿನ ಬೆಂಚಿನ ಮೇಲೆ ಕೂತು, ಬೆಳಿಗ್ಗೆ ಮೇಯಲು ಹೋದ ಹಸುಗಳೆಲ್ಲ ಸಂಜೆ ವಾಪಸು ಬಂದವೋ ಇಲ್ಲವೋ ಎಂದು ನೋಡುವ ಕೆಲಸವನ್ನು ಅವನು ತಾನಾಗಿಯೇ ವಹಿಸಿಕೊಂಡಿದ್ದ. ಅದರಲ್ಲಿ ಅವನ ಹಸು ಒಂದೂ ಇರಲಿಲ್ಲ. ಹೀಗೆ ಇದ್ದುಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಶುರುವಾದದ್ದು ಮಗಳು ಸೇಜಿಮ್‌ಗೆ ನಿಶ್ಚಿತಾರ್ಥದ ಓಲೆ ತೊಡಿಸಲು ರಾಜಧಾನಿ ಬಿಷ್ಕೆಕ್‌ನಿಂದ ಬೀಗರು ಬಂದ ದಿನ. ಬೀಗರು ಎಸೆನ್‌ಕುಲ್ ಜಮೀನು ನೋಂದಣಿ ಕಚೇರಿಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವರು. ಸೀಲು ಬೀಳದ ಕಾಗದವನ್ನು ಕೈಯಲ್ಲಿ ಹಿಡಿಯಲೂ ಅಂಜುತ್ತಿದ್ದರು. ಬೀಗಿತ್ತಿ ಕಾಕೆನ್ ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಹುಡುಗ ಹಲ್ಲಿನ ಡಾಕ್ಟರು, ಆದ್ದರಿಂದ ಹೆಚ್ಚು ಬಾಯಿ ತೆರೆಯುತ್ತಿರಲಿಲ್ಲ. ಕುದುರೆ ಹಾಲಿನ ಕುಮಿಸ್ ಎರಡು ಸುತ್ತು ಬಂದು ಮಾಂಸದ ತಟ್ಟೆ ಖಾಲಿಯಾಗುವ ಹೊತ್ತಿಗೆ ಬೀಗಿತ್ತಿ ತಮ್ಮ ಕಡೆಯವರ ಪ್ರತಿಭೆಗಳನ್ನು ಹೇಳಿ ಮುಗಿಸಿದ್ದರು. ತಮ್ಮನೊಬ್ಬ ಪಿಟೀಲು ಬಾರಿಸುತ್ತಾನಂತೆ, ನಾದಿನಿ ಕವಿತೆ ಬರೆಯುತ್ತಾಳಂತೆ, ಅತ್ತೆ ಎಂಬತ್ತರಲ್ಲೂ ಚದುರಂಗ ಆಡಿ ಗೆಲ್ಲುತ್ತಾರಂತೆ. ಕೊನೆಗೆ ಮಾಮಿರ್ ಕಡೆ ತಿರುಗಿ, ಬೀಗರು ಈಗ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರು.

ಹಸು ನೋಡುತ್ತೇನೆ ಎನ್ನಲು ಬಾಯಿ ಬರಲಿಲ್ಲ.

"ನಾನು ಚಿತ್ರ ಬರೀತೀನಿ" ಎಂದ ಮಾಮಿರ್. ಸಾರು ಬಡಿಸುತ್ತಿದ್ದ ಹೆಂಡತಿ ಉಮ್ಸುನ್‌ಳ ಸೌಟು ಅಲ್ಲೇ ನಿಂತಿತು. ಎಂಥ ಚಿತ್ರ ಎಂದು ಯಾರೋ ಕೇಳಿದರು. "ಕಲ್ಲು, ಬಂಡೆ, ಜಲಪಾತ. ಜಲವರ್ಣದಲ್ಲಿ." ಜಲವರ್ಣ ಎಂಬ ಪದ ತನ್ನ ಬಾಯೊಳಗೆ ಯಾವಾಗ ಬಂದು ಕೂತಿತ್ತೋ ಅವನಿಗೇ ತಿಳಿಯದು.

ಬೀಗಿತ್ತಿಗೆ ಬಹಳ ಸಂತೋಷವಾಯಿತು. ಹಾಗಿದ್ದರೆ ಮದುವೆಗೆ ರಜಾಯಿ, ಜಮಖಾನೆ ಏನೂ ಬೇಡ, ನಿಮ್ಮೂರ ಜಲಪಾತದ ಒಂದು ಚಿತ್ರ ಬರೆದು ಮದುವೆ ದಿನ ಎಲ್ಲರೆದುರಿಗೆ ಕೊಡಿ ಎಂದರು. ನಮ್ಮ ಮನೆ ಇರುವುದು ಎಂಟನೆಯ ಮಹಡಿಯಲ್ಲಿ, ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡ, ಹುಡುಗಿ ಗೋಡೆಯ ಮೇಲಾದರೂ ತನ್ನ ಊರು ನೋಡಿಕೊಂಡಿರಲಿ ಎಂದರು. ಹೊಸ ಓಲೆ ತೊಟ್ಟ ಸೇಜಿಮ್ ಕಣ್ಣು ತುಂಬಿಕೊಂಡು ಅಪ್ಪನನ್ನು ನೋಡಿದಳು. ಅಪ್ಪ ಇದನ್ನೆಲ್ಲ ಯಾವಾಗ ಕಲಿತ ಎಂದು ಅವಳು ಕೇಳಲೂ ಇಲ್ಲ, ನಂಬಿಬಿಟ್ಟಳು. ಆ ನೋಟ ಕಂಡು ಮಾಮಿರ್‌ಗೆ ಸುಳ್ಳು ಹೇಳಿದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ಬೀಗರ ಕಾರು ತಿರುವು ದಾಟುವ ತನಕ ಉಮ್ಸುನ್ ಕೈ ಬೀಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ಹೋದ ವರ್ಷ ಬೇಲಿಗೆ ಬಣ್ಣ ಹೊಡೀರಿ ಅಂದ್ರೆ ಅರ್ಧ ಬೇಲಿಗೆ ಹೊಡೆದ್ರಿ, ಅರ್ಧ ನಾಯಿಗೆ ಹೊಡೆದ್ರಿ. ಮದುವೆ ದಿನ ಚಿತ್ರ ಇಲ್ಲ ಅಂದ್ರೆ ನನ್ನ ಮಗಳು ಆ ಮನೇಲಿ ಸಾಯೋ ತನಕ ಸುಳ್ಳುಗಾರನ ಮಗಳು ಅನ್ನಿಸ್ಕೊಂಡೇ ಎಲ್ಲರಿಗೂ ಚಹಾ ಬಗ್ಗಿಸ್ಬೇಕು. ತಿಳೀತಾ?"

ತಿಳಿಯಿತು. ಮದುವೆಗೆ ಐದು ವಾರ ಇತ್ತು.

ಮರುದಿನವೇ ಮಾಮಿರ್ ಬಸ್ಸು ಹತ್ತಿ ಪಕ್ಕದ ಪೇಟೆಗೆ ಹೋಗಿ ಝಿನಾಯಿದಾ ಪಾವ್ಲೋವ್ನಾರ ಬಾಗಿಲು ತಟ್ಟಿದ. ಈಕೆ ರಷ್ಯದವರ ಪೈಕಿ, ಪೇಟೆಯ ಶಾಲೆಯಲ್ಲಿ ಚಿತ್ರ ಕಲಿಸಿ ಎಂದೋ ನಿವೃತ್ತರಾದ ಮುದುಕಿ. ತಮ್ಮವರೆಲ್ಲ ರಷ್ಯಕ್ಕೆ ಹೊರಟುಹೋದರೂ ಬೆಕ್ಕಿಗೆ ಪ್ರಯಾಣ ಆಗಿಬರುವುದಿಲ್ಲವೆಂದು ಇಲ್ಲೇ ಉಳಿದುಬಿಟ್ಟಿದ್ದರು. ಐದು ವಾರದಲ್ಲಿ ಚಿತ್ರಕಾರನಾಗಬೇಕು ಎಂಬ ಬೇಡಿಕೆಯನ್ನು ಕೇಳಿ ಅವರು ಬೆಕ್ಕಿನ ಮುಖ ನೋಡಿದರು, ಬೆಕ್ಕು ಮಾಮಿರ್‌ನ ಮುಖ ನೋಡಿತು. ಕೊನೆಗೆ ಒಳಗೆ ಕರೆದರು.

ಬಂಡೆ ಅವನಿಗೆ ಬೇಗ ಒಲಿಯಿತು. ದಪ್ಪ ಕಾಗದಕ್ಕೆ ಕಂದು ಬಣ್ಣ ಬಳಿದು, ಅದು ಆರುವ ಮೊದಲೇ ಗಟ್ಟಿಯಾದ ಯಾವುದಾದರೂ ಕಾರ್ಡಿನ ಅಂಚಿನಿಂದ ಕೆರೆದರೆ ಬಣ್ಣ ಸರಿದು ಬಂಡೆಯ ಮುಖ ಮೂಡುತ್ತಿತ್ತು. ಮಾಮಿರ್ ಅದಕ್ಕೆ ತನ್ನ ಹಳೆಯ ಡ್ರೈವಿಂಗ್ ಲೈಸೆನ್ಸು ಬಳಸಿದ. ಮೂವತ್ತೊಂದು ವರ್ಷದಲ್ಲಿ ಒಬ್ಬ ಪೊಲೀಸನೂ ಕೇಳಿ ನೋಡದಿದ್ದ ಆ ಲೈಸೆನ್ಸು ಕಡೆಗೂ ಒಂದು ಉಪಯೋಗಕ್ಕೆ ಬಂತು. ಟೀಚರು ತಲೆದೂಗಿದರು. ಆದರೆ ನೀರಿನ ವಿಷಯಕ್ಕೆ ಬಂದಾಗ ಮಾತ್ರ ಪಾಠದ ತಲೆ ಬುಡ ತಿಳಿಯಲಿಲ್ಲ.

"ನೀರು ಬರೀಲೇಬೇಡಿ" ಎಂದರು ಟೀಚರು. "ಸುತ್ತ ಕಲ್ಲು ಬರೀರಿ. ಮಧ್ಯೆ ಕಾಗದ ಬೆಳ್ಳಗೆ ಹಾಗೇ ಬಿಡಿ."

"ಆಮೇಲೆ ನೀರು ಯಾವಾಗ ಹಾಕೋದು ಮೇಡಂ?"

"ಹಾಕೋದಿಲ್ಲ. ಬಿಟ್ಟಿದ್ದೇ ನೀರು. ಒಂದು ಹನಿ ಬಣ್ಣ ಅಲ್ಲಿ ಬಿತ್ತೋ, ಚಿತ್ರ ಕೆಟ್ಟ ಹಾಗೇ. ಈ ಬಣ್ಣದಲ್ಲಿ ಕೆಟ್ಟಿದ್ದನ್ನ ಅಳಿಸೋಕಾಗಲ್ಲ."

ಜಲಪಾತ ಬರೆಯುವುದೆಂದರೆ ಜಲಪಾತವೊಂದನ್ನು ಬಿಟ್ಟು ಮಿಕ್ಕದ್ದೆಲ್ಲವನ್ನೂ ಬರೆಯುವುದು ಎಂಬ ಈ ಶಾಸ್ತ್ರ ಮಾಮಿರ್‌ಗೆ ಅರ್ಥವಾಗಲಿಲ್ಲ. ಆದರೂ ಓದಿದವರು ಹೇಳಿದ ಮೇಲೆ ಇರಬೇಕು ಎಂದುಕೊಂಡು, ಹಲಗೆ, ಕಾಗದ, ಬಣ್ಣದ ಡಬ್ಬಿ ಹೊತ್ತು ಊರ ಮೇಲಿನ ಜಲಪಾತಕ್ಕೆ ಹೋದ.

ಆ ಜಲಪಾತವೇ ತೆರೆಕ್-ಜಾರ್‌ನ ಜೀವ. ಅದರ ನೀರು ಕಾಲುವೆಗಿಳಿದು ತೋಟಗಳಿಗೆ ಸರದಿಯ ಪ್ರಕಾರ ಹರಿಯುತ್ತದೆ. ಯಾರ ಸರದಿ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುವುದು ಎಂದು ನಿರ್ಧರಿಸುವವನು ನೀರುಗಂಟಿ ತುರ್ದುಕುಲ್. ಹೆಗಲ ಮೇಲೆ ಗುದ್ದಲಿ ಇಲ್ಲದೆ ಅವನನ್ನು ನೋಡಿದವರಿಲ್ಲ. ಸ್ವಂತ ತಮ್ಮನಾದರೂ ಕಾಲು ಗಂಟೆ ಹೆಚ್ಚು ನೀರು ಬಿಟ್ಟುಕೊಂಡರೆ ಅವನ ಜೊತೆ ಮಾತು ಬಿಡುವ ಆಸಾಮಿ. ಅಂಥವನು ಒಂದು ಬೆಳಿಗ್ಗೆ ಮೇಲೆ ಹೋದಾಗ ಕಂಡದ್ದು ಇದು: ಮಾಮಿರ್ ಒಂದು ಕಣ್ಣು ಮುಚ್ಚಿ, ಪೆನ್ಸಿಲು ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ, ಜಲಪಾತವನ್ನು ಮೇಲಿನಿಂದ ಕೆಳಕ್ಕೆ ಅಳೆಯುತ್ತಿದ್ದಾನೆ. ಅಳೆದು ಕಾಗದದ ಮೇಲೆ ಗುರುತು ಹಾಕುತ್ತಿದ್ದಾನೆ. ಮತ್ತೆ ಅಡ್ಡಕ್ಕೆ ಅಳೆಯುತ್ತಿದ್ದಾನೆ.

ತುರ್ದುಕುಲ್ ಇದೇನೆಂದು ಕೇಳಿದ. ಅರವತ್ತೆರಡರ ಗಂಡಸು ಮಕ್ಕಳ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿರುವುದಕ್ಕೆ ಮಾಮಿರ್‌ಗೆ ನಾಚಿಕೆಯಾಗಿ, ಡಬ್ಬಿಯನ್ನು ತೊಡೆಯ ಕೆಳಗೆ ತಳ್ಳಿ, ಏನಿಲ್ಲ, ಬಿಷ್ಕೆಕ್‌ನವರಿಗೆ ಒಂದು ಕಾಗದ ಕೊಡಬೇಕು, ತಿಂಗಳ ಕೊನೆಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿದೆ, ಯಾರಿಗೂ ಹೇಳಬೇಡ ಎಂದ. ಇಷ್ಟು ಸಾಲದೇ? ತುರ್ದುಕುಲ್ ಹೆಗಲ ಮೇಲಿಂದ ಬಗ್ಗಿ ನೋಡಿದ. ಬಂಡೆ ಇತ್ತು. ಬಂಡೆಯ ಬಿರುಕಿನಲ್ಲಿ ಬೆಳೆದ ಗಿಡ ಇತ್ತು. ಕಾಲುವೆಯ ಬಾಯಿಯ ದೊಡ್ಡ ಕಲ್ಲೂ ಅದರ ಜಾಗದಲ್ಲೇ ಇತ್ತು. ನೀರು ಮಾತ್ರ ಇರಲಿಲ್ಲ. ನೀರು ಬೀಳಬೇಕಾದ ಜಾಗದಲ್ಲಿ ಕಾಗದ ಒಣಗಿ ಬೆಳ್ಳಗಿತ್ತು.

ಇದು ನೀರನ್ನು ಬೇರೆಡೆಗೆ ಒಯ್ಯುವ ನಕ್ಷೆಯೇ ಸರಿ ಎಂದುಕೊಂಡ ನೀರುಗಂಟಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗುದ್ದಲಿಯನ್ನು ಅಲ್ಲೇ ಮರೆತು ಊರ ಕಡೆ ಓಡಿದ.

ಮಧ್ಯಾಹ್ನದ ಹೊತ್ತಿಗೆ ಚಹಾದಂಗಡಿಯಲ್ಲಿ ಮೂರು ಪಕ್ಷಗಳಾಗಿದ್ದವು. ನೀರನ್ನು ಕೊಳವೆಯಲ್ಲಿ ರಾಜಧಾನಿಗೆ ಒಯ್ಯುತ್ತಾರೆ ಎಂದು ಒಂದು ಪಕ್ಷ. ವಿದ್ಯುತ್ತು ತೆಗೆಯುತ್ತಾರೆ, ವಿದ್ಯುತ್ತು ತೆಗೆದ ಮೇಲೆ ನೀರಿನಲ್ಲಿ ಸತ್ವ ಉಳಿಯುವುದಿಲ್ಲ ಎಂದು ಇನ್ನೊಂದು. ಸೀಸೆಗೆ ತುಂಬಿ ಅರಬ್ಬರಿಗೆ ಮಾರುತ್ತಾರೆ ಎಂದು ಮೂರನೆಯದು. ಮಾಮಿರ್ ಸರಕಾರದ ಆಳು ಎನ್ನುವುದರಲ್ಲಿ ಮಾತ್ರ ಮೂರೂ ಪಕ್ಷಕ್ಕೆ ಒಮ್ಮತವಿತ್ತು. ಎರಡು ವರ್ಷದಿಂದ ಬೆಂಚಿನ ಮೇಲೆ ಕೂತು ಅವನು ಹಸು ಎಣಿಸುತ್ತಿದ್ದದ್ದು ಯಾಕೆ ಎಂದು ಈಗ ಎಲ್ಲರಿಗೂ ಹೊಳೆಯಿತು.

ಮಾರನೆಯ ದಿನದಿಂದ ಉಮ್ಸುನ್‌ಳ ಮನೆಗೆ ಕೆನೆ, ಜೇನು, ಏಪ್ರಿಕಾಟ್ ಬರಲು ಶುರುವಾದವು. ತಂದವರೆಲ್ಲ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: ಯಜಮಾನರಿಗೆ ಹೇಳಿ, ನಮ್ಮ ತೋಟ ಕೈಬಿಡಬಾರದು ಅಂತ. ಗಂಡ ಚಿತ್ರ ಬರೆಯುವುದು ಊರಿಗೆಲ್ಲ ಗೊತ್ತಾಗಿದೆ, ಎಲ್ಲರಿಗೂ ತಮ್ಮ ತೋಟ ಚಿತ್ರದಲ್ಲಿ ಬರಬೇಕೆಂಬ ಆಸೆ ಹುಟ್ಟಿದೆ ಎಂದು ಉಮ್ಸುನ್ ತಿಳಿದಳು. ಅವಳಿಗೂ ಹೆಮ್ಮೆಯಾಯಿತು. ಆಯಿತು, ನಿಮ್ಮ ತೋಟಾನೂ ಸೇರಿಸ್ತಾರೆ ಬಿಡಿ ಎಂದು ಮಾತು ಕೊಟ್ಟು ಕಳಿಸಿದಳು. ಬಂದವರು ಇನ್ನೂ ಜೋರಾಗಿ ಅತ್ತರು.

ಕಲೆಯ ಮೇಲೆ ಊರಿಗೆ ಇಷ್ಟು ಪ್ರೀತಿಯಿದ್ದದ್ದು ಮಾಮಿರ್‌ಗೆ ಗೊತ್ತಿರಲಿಲ್ಲ. ಹಾಲಿನ ವ್ಯಾನು ಓಡಿಸುವಾಗ ಒಬ್ಬರೂ ಒಂದು ಏಪ್ರಿಕಾಟ್ ಕೊಟ್ಟವರಲ್ಲ.

ನಾಲ್ಕನೆಯ ವಾರದ ಗುರುವಾರ ಊರಿನವರು ಜಲಪಾತದ ಬುಡದಲ್ಲಿ ಹರಕೆಯ ಕುರಿ ಕಡಿದರು. ನೀರು ಕಡಿಮೆಯಾದ ವರ್ಷ ಹಾಗೆ ಮಾಡುವುದು ಮೊದಲಿನಿಂದ ಬಂದ ಪದ್ಧತಿ. ಈ ವರ್ಷ ನೀರು ಧೋ ಎಂದು ಸುರಿಯುತ್ತಲೇ ಇತ್ತು, ಆದರೂ ಕಡಿದರು. ಮಾಮಿರ್‌ಗೆ ವಿಶೇಷ ಕರೆ ಹೋಯಿತು. ಅವನನ್ನು ಮೇಲಿನ ಜಾಗದಲ್ಲಿ, ಊರಿಗೆಲ್ಲ ಹಿರಿಯನಾದ ಸಾಪಾರ್ ಅಜ್ಜನ ಪಕ್ಕದಲ್ಲೇ ಕೂರಿಸಿ, ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು ಅವನ ಮುಂದಿಟ್ಟರು. ಜಿಲ್ಲಾ ಅಧಿಕಾರಿಗೋ ದೂರದ ಅತಿಥಿಗೋ ಸಲ್ಲುವ ಮರ್ಯಾದೆ. ಸಾಪಾರ್ ಅಜ್ಜ ಅಂಗೈ ಎತ್ತಿ, ನಮ್ಮ ನೀರು ನಮ್ಮಲ್ಲೇ ಇರಲಿ, ಅಳೆಯುವವರ ಮನಸ್ಸಿಗೆ ದೇವರು ಕರುಣೆ ಕೊಡಲಿ ಎಂದು ಹರಸಿದ. ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ಎಲ್ಲರಿಗಿಂತ ಜೋರಾಗಿ ಮಾಮಿರ್ ಸವರಿಕೊಂಡ.

ಆಗ ತುರ್ದುಕುಲ್ ಅವನ ಮುಂದೆ ಮಂಡಿಯೂರಿ ಕೂತ.

"ಮಾಮಿರಣ್ಣ, ಊರಿನ ಪರವಾಗಿ ಕೇಳ್ಕೋತೀನಿ. ಆ ಕಾಗದಕ್ಕೆ ನೀರು ಹಾಕು."

ಮಾಮಿರ್ ಬಾಯಲ್ಲಿ ಕುರಿಯ ದವಡೆಯ ಮಾಂಸವಿತ್ತು. ಅದನ್ನು ಒಂದು ಪಕ್ಕಕ್ಕೆ ಸರಿಸಿ ಹೇಳಿದ, "ನಂಗೂ ಆಸೆ ಇತ್ತು ಕಣಯ್ಯಾ. ಹಾಕ್ಬಾರ್ದು ಅಂತ ಆಜ್ಞೆ ಆಗಿದೆ. ಒಂದು ಹನೀನೂ ಹಾಕ್ಬಾರ್ದಂತೆ."

"ಯಾರದು ಆಜ್ಞೆ?"

"ಝಿನಾಯಿದಾ ಪಾವ್ಲೋವ್ನಾ. ಅವರು ಹೇಳಿದ ಮೇಲೆ ಮುಗೀತು, ಅದರ ಮೇಲೆ ನಂದೇನೂ ನಡೆಯಲ್ಲ."

ಅಲ್ಲಿಗೆ ವಿಷಯ ಮಾಸ್ಕೋವರೆಗೆ ಹೋಗಿದೆ ಎಂದಾಯಿತು. ಅಜ್ಜ ಎರಡನೆಯ ಸಲ ಅಂಗೈ ಎತ್ತಿದ. ಆ ಸಂಜೆಯೇ ಚಹಾದಂಗಡಿಯ ಮೂರೂ ಪಕ್ಷಗಳು ಕೂಡಿ ಜಿಲ್ಲಾ ಕಚೇರಿಗೆ ಅರ್ಜಿ ಬರೆದವು. ಅರ್ಜಿಯಲ್ಲಿ ಕೊಳವೆ, ವಿದ್ಯುತ್ತು, ಅರಬ್ಬರು, ರಷ್ಯದ ಹೆಂಗಸು ಎಲ್ಲವೂ ಇದ್ದವು.

ಮದುವೆಗೆ ಎರಡು ದಿನ ಇರುವಾಗ ಜಿಲ್ಲಾ ಕಚೇರಿಯಿಂದ ಬೋಲೋತ್ ಸಾಹೇಬರು ಜೀಪಿನಲ್ಲಿ ಬಂದರು. ಅವರದು ದೊಡ್ಡ ಇಕ್ಕಟ್ಟು. ಇಂಥ ಯೋಜನೆಯ ಹೆಸರನ್ನೇ ಅವರು ಕೇಳಿರಲಿಲ್ಲ. ಆದರೆ ಕೇಳಿಲ್ಲ ಎಂದರೆ, ಎಲ್ಲರಿಗೂ ಗೊತ್ತಿರುವುದು ತನಗೊಬ್ಬನಿಗೆ ಗೊತ್ತಿಲ್ಲ ಎಂದಾಗುತ್ತದೆ. ಆದ್ದರಿಂದ ಮಾಮಿರ್‌ನ ಅಂಗಳದಲ್ಲಿ ಊರಿನವರೆಲ್ಲ ಸುತ್ತ ನಿಂತಿರುವಾಗ, ಸಾಹೇಬರು ಕಾಗದ ತರಿಸಿ ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಚಿತ್ರ ಹಿಂದಿನ ದಿನವಷ್ಟೇ ಮುಗಿದಿತ್ತು. ಹೇಳಬೇಕಾದ ಮಾತೆಂದರೆ, ಅದು ಚೆನ್ನಾಗಿಯೇ ಬಂದಿತ್ತು. ಬಂಡೆಗಳು ಬಂಡೆಯ ಹಾಗೆ ಇದ್ದವು. ದೂರ ನಿಂತು ನೋಡಿದರೆ ಆ ಬಿಳಿ ಜಾಗದಿಂದ ತಣ್ಣಗೆ ಗಾಳಿ ಬೀಸಿದಂತಾಗುತ್ತಿತ್ತು. ಆದರೆ ಅಂಗಳದಲ್ಲಿ ಯಾರೂ ದೂರ ನಿಂತಿರಲಿಲ್ಲ.

ಸಾಹೇಬರು ಗಂಭೀರವಾಗಿ ಕೆಮ್ಮಿ, ಇದು ಪ್ರಾಥಮಿಕ ಹಂತದ್ದು ಎಂದು ಕಾಣುತ್ತದೆ ಎಂದರು. ಮಾಮಿರ್ ವಿನಯದಿಂದ, ಹೌದು, ಇದೇ ಮೊದಲನೆಯದು ಎಂದ. ಯಾರು ತಯಾರಿಸಿದ್ದು ಎಂದರು. ನಾನೇ ಎಂದ. ಯಾರ ಒಪ್ಪಿಗೆ ಪಡೆದಿರಿ ಎಂದರು. ಹೆಂಡತಿ ಒಪ್ಪಿದ್ದಾಳೆ, ಇನ್ನು ಬಿಷ್ಕೆಕ್‌ನವರು ಒಪ್ಪಬೇಕು ಎಂದ. ಹೆಂಡತಿಯ ವಿಚಾರ ಸಾಹೇಬರಿಗೆ ಹಿಡಿಸಲಿಲ್ಲ, ಆದರೆ ಬಿಷ್ಕೆಕ್ ಎಂದ ಕೂಡಲೇ ಬೆವರು ಒರೆಸಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಪೆನ್ನು ತೆಗೆದು, ಕಾಗದದಲ್ಲಿ ಖಾಲಿಯಿದ್ದ ಒಂದೇ ಒಂದು ಜಾಗದಲ್ಲಿ, ಅಂದರೆ ಜಲಪಾತದ ನೆತ್ತಿಯ ಮೇಲೆ, 'ನೀರು ಇದ್ದ ಹಾಗೆಯೇ ಇರತಕ್ಕದ್ದು' ಎಂದು ಬರೆದು ಸಹಿ ಹಾಕಿದರು. ಚೀಲದಿಂದ ದುಂಡು ಸೀಲು ತೆಗೆದು, ಹಬೆಯೂದಿ, ಧಡಕ್ಕನೆ ಒತ್ತಿದರು. ಆಮೇಲೆ ಸಾಪಾರ್ ಅಜ್ಜ ಸಹಿ ಮಾಡಿದ. ಅಜ್ಜನ ಹಿಂದೆ ಹತ್ತು ಮಂದಿ ಹಿರಿಯರು ಒಬ್ಬರ ಕೆಳಗೊಬ್ಬರು ಸಹಿ ಮಾಡುತ್ತ ಹೋಗಿ, ಕೊನೆಯವನ ಹೆಸರು ನೀರು ಮಡುವಿಗೆ ಬೀಳುವ ಜಾಗ ಮುಟ್ಟಿತು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಸಾಹೇಬರು ಯಾರೂ ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಜೀಪು ಹತ್ತಿದರು.

ಮಾಮಿರ್ ಮಿಕಿಮಿಕಿ ನೋಡುತ್ತ ನಿಂತಿದ್ದ. ಏನಾಯಿತು ಎನ್ನುವುದು ಅವನಿಗೆ ತಿಳಿದಿರಲಿಲ್ಲ, ಚಿತ್ರ ಹಾಳಾಯಿತು ಎನ್ನುವುದು ಮಾತ್ರ ತಿಳಿಯಿತು. ಇನ್ನೊಂದು ಬರೆಯಲು ಕಾಗದವೂ ಇರಲಿಲ್ಲ, ದಿನವೂ ಇರಲಿಲ್ಲ. ಒಳಗೆ ಹೋಗಿ, ಬೇಡವೆಂದರೂ ಉಮ್ಸುನ್ ಹೊಲಿದಿಟ್ಟಿದ್ದ ಮದುವೆಯ ರಜಾಯಿಗಳ ರಾಶಿಗೆ ಒರಗಿ ಕೂತು ಅತ್ತುಬಿಟ್ಟ. ದೊಡ್ಡವರು ಸಹಿ ಹಾಕಿದ್ದಾರೆಂದರೆ ಗೌರವವೇ ಅಲ್ಲವೇ ಎಂದು ಉಮ್ಸುನ್ ಸಮಾಧಾನ ಹೇಳಿದಳು. ಹೇಳುವಾಗ ಅವಳ ದನಿಯಲ್ಲೂ ಧೈರ್ಯವಿರಲಿಲ್ಲ.

ಮದುವೆಯ ದಿನ ಇನ್ನೂರು ಜನ. ಕಾಣಿಕೆಯ ಹೊತ್ತು ಬಂದಾಗ ಮಾಮಿರ್ ಬಟ್ಟೆ ಮುಚ್ಚಿದ ಚೌಕಟ್ಟನ್ನು ಎತ್ತಿಕೊಂಡು ಬೀಗರ ಮುಂದೆ ನಿಂತ. ಬೀಗಿತ್ತಿ ಬಟ್ಟೆ ಎಳೆದರು. ಎಳೆದು, ಹುಬ್ಬು ಗಂಟಿಕ್ಕಿ, ಇದೇನು ಎಂದು ಗಂಡನ ಮುಖ ನೋಡಿದರು. ಎಸೆನ್‌ಕುಲ್ ಕನ್ನಡಕ ಹಾಕಿಕೊಂಡರು. ಬಂಡೆಯನ್ನು ಅವರು ನೋಡಲಿಲ್ಲ. ಒಕ್ಕಣೆ ಓದಿದರು. ಸೀಲಿನ ಅಂಚು ಪೂರ್ತಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಹನ್ನೊಂದು ಮಂದಿ ಹಿರಿಯರ ಸಹಿಯನ್ನು ಬೆರಳಿಟ್ಟು ಲೆಕ್ಕ ಹಾಕಿದರು. ಕನ್ನಡಕ ತೆಗೆದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಬೀಗರೇ, ಮೂವತ್ತಾರು ವರ್ಷದ ಕೆಲಸದಲ್ಲಿ ಮಗಳಿಗೆ ಕುದುರೆ ಕೊಟ್ಟೋರನ್ನ ನೋಡಿದೀನಿ, ಮನೆ ಕೊಟ್ಟೋರನ್ನ ನೋಡಿದೀನಿ. ಊರಿನ ಹಿರಿಯರೆಲ್ಲರ ಒಪ್ಪಿಗೆ ತಗೊಂಡು, ಸೀಲು ಹಾಕಿಸಿ, ಒಂದು ಜಲಪಾತಾನೇ ಮಗಳಿಗೆ ಕೊಟ್ಟೋರನ್ನ ಇವತ್ತೇ ನೋಡಿದ್ದು."

ಚಪ್ಪರದಲ್ಲಿ ಮೊದಲು ಚಮಚಗಳ ಸದ್ದು ನಿಂತಿತು. ಆಮೇಲೆ ತೆರೆಕ್-ಜಾರ್‌ನವರು ಕೂತಿದ್ದ ಮೇಜುಗಳು ಒಂದೊಂದಾಗಿ ಎದ್ದು ನಿಂತವು. ಮೊನ್ನೆ ಮಾಸ್ಕೋದ ಬಾಯಿಂದ ಕಿತ್ತುತಂದ ನೀರು ಇವತ್ತು ಬೀಗರ ಮನೆಗೆ ಹೋಯಿತೇ ಎಂದು ಒಬ್ಬ ಕೂಗಿದ. ತುರ್ದುಕುಲ್ ತೋಳು ಏರಿಸಿ ಮುಂದೆ ಬಂದ. ಹುಡುಗನ ಕಡೆಯ ಪಿಟೀಲಿನವನೂ ತೋಳು ಏರಿಸಿದ. ನಡುವೆ ಬಿಳಿ ಉಡುಪಿನಲ್ಲಿ ನಿಂತಿದ್ದ ಸೇಜಿಮ್ ಬಿಳುಚಿಕೊಂಡಳು. ಮಗಳ ಮುಖ ನೋಡಿದ ಮೇಲೆ ಮಾಮಿರ್‌ಗೆ ಸುಮ್ಮನಿರಲು ಆಗಲಿಲ್ಲ. ತನ್ನ ಮಾನ ಹೋದರೆ ಹೋಗಲಿ ಎಂದು ಕುರ್ಚಿಯ ಮೇಲೆ ಹತ್ತಿದ.

"ಕೇಳ್ರಪ್ಪಾ. ಅದು ಬರೀ ಚಿತ್ರ. ನಾನು ಯಾವ ಸರಕಾರದೋನೂ ಅಲ್ಲ. ನಂಗೆ ಚಿತ್ರ ಬರೆಯೋಕೂ ಬರ್ತಿರಲಿಲ್ಲ, ಬೀಗಿತ್ತಿ ಮುಂದೆ ಸುಳ್ಳು ಹೇಳಿದ್ದೆ. ಐದು ವಾರದಲ್ಲಿ ಕಲ್ಲು ಬರೆಯೋದು ಕಲಿತೆ. ನೀರು ಬರೆಯೋಕೆ ಬರದೆ ಬಿಟ್ಟಿದೀನಿ."

ಜೀವಮಾನದಲ್ಲೇ ಇಷ್ಟು ನಿಜವನ್ನು ಅವನು ಒಟ್ಟಿಗೆ ಹೇಳಿದವನಲ್ಲ. ಚಪ್ಪರದಲ್ಲಿ ಒಬ್ಬರೂ ನಂಬಲಿಲ್ಲ. ಒಂದು ಹುಡುಗಾಟದ ಚಿತ್ರಕ್ಕಾಗಿ ತಾವು ಕುರಿ ಕಡಿದೆವು, ಜಿಲ್ಲಾ ಸಾಹೇಬರನ್ನು ಕರೆಸಿದೆವು ಎಂದು ಒಪ್ಪಿಕೊಳ್ಳುವುದಕ್ಕೆ ಊರು ತಯಾರಿರಲಿಲ್ಲ. ಸೀಲು ಇರುವ ಕಾಗದ ಬರೀ ಚಿತ್ರ ಎನ್ನುವುದನ್ನು ಎಸೆನ್‌ಕುಲ್ ಒಪ್ಪುವಂತೆಯೇ ಇರಲಿಲ್ಲ. ಕೊಟ್ಟದ್ದನ್ನು ಹೇಳಿಕೊಳ್ಳದ ದೊಡ್ಡ ಮನಸ್ಸು ಎಂದು ಅವರು ಬೀಗರನ್ನು ಕುರ್ಚಿಯಿಂದ ಇಳಿಸಿ ಅಪ್ಪಿಕೊಂಡರು.

ಅಷ್ಟರಲ್ಲಿ ಸಾಪಾರ್ ಅಜ್ಜ ಕೋಲು ಕುಟ್ಟಿದ. ಹುಡುಗಿ ಎಲ್ಲಿ ಇರುತ್ತಾಳೆ ಎಂದು ಕೇಳಿದ. ಬಿಷ್ಕೆಕ್‌ನಲ್ಲಿ, ಎಂಟನೆಯ ಮಹಡಿಯಲ್ಲಿ ಎಂದರು.

"ಹಾಗಾದ್ರೆ ನೀರು ಅಲ್ಲಿ ತನಕ ಹತ್ತಲ್ಲ" ಎಂದ ಅಜ್ಜ. "ನೀರು ನಮ್ಮೂರಲ್ಲೇ ಹರೀತದೆ. ಸೀಲು ಹುಡುಗಿ ಹತ್ರ ಇರ್ತದೆ. ಹುಡುಗಿ ನಮ್ಮೋಳು. ಇನ್ನು ಯಾವ ಸರಕಾರ ಬಂದು ಏನ್ ಕಿತ್ಕೊಳ್ತದೆ? ಕೂತ್ಕೊಂಡು ಊಟ ಮಾಡಿ."

ಊರಿನವರು ಯೋಚಿಸಿದರು, ಅಜ್ಜ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಕೂತರು. ತುರ್ದುಕುಲ್ ತೋಳು ಇಳಿಸಿ ಮದುಮಗಳ ಬಳಿ ಹೋಗಿ, ಶನಿವಾರದ ಸರದಿ ಯಾರಿಗೆ ಬಿಡಲಿ ತಾಯಿ ಎಂದು ತಲೆ ಬಗ್ಗಿಸಿ ಕೇಳಿದ.

ಅಂದಿನಿಂದ ಪ್ರತಿ ಸುಗ್ಗಿಯಾದ ಮೇಲೆ ಊರಿನವರು ಎಂಟನೆಯ ಮಹಡಿಗೆ ಅಕ್ರೋಟಿನ ಚೀಲ, ಸೇಬಿನ ಪೆಟ್ಟಿಗೆ ಹೊತ್ತು ಹೋಗುತ್ತಾರೆ. ಹೊಸ ಸೊಸೆ ಮನೆಮಂದಿಗೆಲ್ಲ ಚಹಾ ಬಗ್ಗಿಸುವುದು ಎಲ್ಲ ಮನೆಗಳ ರೀತಿ. ಆ ಮನೆಯಲ್ಲಿ ಮಾತ್ರ ಬೀಗಿತ್ತಿ ತಾವೇ ಬಗ್ಗಿಸಿ ಸೊಸೆಯ ಕೈಗೆ ಕೊಡುತ್ತಾರೆ. ಸ್ವಂತ ಜಲಪಾತ ಇರುವವಳಿಂದ ಪಾತ್ರೆ ತೊಳೆಸುವುದು ಹೇಗೆಂದು ಅವರಿಗೆ ಸಂಕೋಚ. ಉಮ್ಸುನ್ ಇದನ್ನು ಕೇಳಿ ತೃಪ್ತಳಾಗಿದ್ದಾಳೆ. ಮಾಮಿರ್‌ಗೂ ಸಂತೋಷವೇ. ಆದರೆ ಒಂದು ಪ್ರಶ್ನೆ ಅವನ ಹೊಟ್ಟೆಯೊಳಗೇ ಉಳಿದಿತ್ತು. ಒಂದು ದಿನ ಫೋನಿನಲ್ಲಿ ಕೇಳಿಯೇಬಿಟ್ಟ.

"ಸೇಜಿಮ್, ನನ್ನ ಚಿತ್ರ ಯಾವ ಗೋಡೆಗೆ ಹಾಕಿದಾರಮ್ಮ?"

"ಗೋಡೆಗೆಲ್ಲಿ ಹಾಕ್ತಾರಪ್ಪ. ಆಸ್ತಿ ಪತ್ರ ಅಂತ ಮಾವ ಕಬ್ಬಿಣದ ಪೆಟ್ಟಿಗೇಲಿಟ್ಟು ಬೀಗ ಹಾಕಿದಾರೆ. ಬೀಗದ ಕೈ ಅವರ ಸೊಂಟದಲ್ಲಿದೆ. ಮದುವೆ ದಿನ ನಾನೂ ದೂರದಿಂದ ಒಂದು ಸಲ ನೋಡಿದ್ದಷ್ಟೇ." ಅವಳ ದನಿ ಸಣ್ಣಗಾಯಿತು. "ಬೆಳಿಗ್ಗೆ ಎದ್ದರೆ ಎದುರುಮನೆ ಗೋಡೆ ಕಾಣತ್ತಪ್ಪ. ಆಸ್ತಿ ಸಾಕು. ನಂಗೆ ನೋಡೋಕೆ ಒಂದು ಬರೆದುಕೊಡು."

ಬರೆಯುತ್ತೇನೆ ಎಂದ ಮಾಮಿರ್. ಫೋನು ಇಟ್ಟು ಕಣ್ಣೊರೆಸಿಕೊಂಡು, ಬೀದಿಯ ಆ ಕಡೆ ಈ ಕಡೆ ನೋಡಿ, ಬಾಗಿಲು ಹಾಕಿ ಕಿಟಕಿಯ ಪರದೆ ಎಳೆಯಲು ಉಮ್ಸುನ್‌ಗೆ ಹೇಳಿ ಬಣ್ಣದ ಡಬ್ಬಿ ತೆರೆದ.